ಶಿಫ್ಟ್ ಪಟ್ಟಿ ಗೋಡೆಯ ಮೇಲಿರಲಿ

ಪುತ್ತೂರು, ಸುಳ್ಯ, ಕಡಬ ಕಡೆಯವರಿಗೆ ಗಡಿಯಾರ ಎರಡು. ಒಂದು ಕೈಯಲ್ಲಿರುವುದು, ಇನ್ನೊಂದು ಊರಿಗೆ ಹೋಗುವ ಕೊನೆಯ ಬಸ್ಸು. ಪೇಟೆಯ ಬಟ್ಟೆ ಅಂಗಡಿ, ಮೆಡಿಕಲ್, ಬೇಕರಿ, ಸೂಪರ್ ಮಾರ್ಕೆಟ್, ಮೊಬೈಲ್ ಅಂಗಡಿ, ಕ್ಲಿನಿಕ್, ಪೆಟ್ರೋಲ್ ಬಂಕ್, ಗ್ಯಾರೇಜುಗಳಲ್ಲಿ ಕೆಲಸ ಮಾಡುವವರಲ್ಲಿ ಪೇಟೆಯವರೇ ಕಡಿಮೆ. ಒಬ್ಬರು ಸವಣೂರಿನ ಒಳಗಿನವರು, ಇನ್ನೊಬ್ಬರು ಆಲಂಕಾರಿನವರು, ಮತ್ತೊಬ್ಬರು ಬೆಳ್ಳಾರೆ, ಪಂಜ ಅಥವಾ ಜಾಲ್ಸೂರಿನವರು. ಬಸ್ಸು ಇಳಿದ ಮೇಲೂ ತೋಟದ ಬದಿಯಲ್ಲಿ ಒಂದೆರಡು ಕಿಲೋಮೀಟರ್ ನಡೆಯಲಿಕ್ಕೆ ಇರುತ್ತದೆ. ಬೆಂಗಳೂರಿನಲ್ಲಿ ಒಂದು ಬಸ್ಸು ತಪ್ಪಿದರೆ ಇನ್ನೊಂದು ಸಿಗುತ್ತದೆ. ನಮ್ಮಲ್ಲಿ ಕೊನೆಯದು ತಪ್ಪಿದರೆ ಆಟೋ ಬಾಡಿಗೆ ಮಾಡಬೇಕು, ಇಲ್ಲದಿದ್ದರೆ ಬೈಕ್ ಇರುವ ಅಣ್ಣನಿಗೋ ನೆರೆಮನೆಯವರಿಗೋ ಫೋನ್ ಮಾಡಬೇಕು.

ಹಾಗಾಗಿ ನಮ್ಮ ಕಡೆ ಶಿಫ್ಟ್ ಎಂಬುದು ಎಷ್ಟು ಗಂಟೆ ದುಡಿದೆವು ಎಂಬ ಲೆಕ್ಕ ಮಾತ್ರ ಅಲ್ಲ. ಎಷ್ಟು ಹೊತ್ತಿಗೆ ಬಿಟ್ಟರು, ಯಾರನ್ನು ಬಿಟ್ಟರು, ಯಾರು ತೀರ್ಮಾನಿಸಿದರು ಎಂಬುದೂ ಅದರಲ್ಲಿ ಸೇರಿದೆ. ದೊಡ್ಡ ಕಾರ್ಖಾನೆಯಲ್ಲಿ ಸೈರನ್ ಇರುತ್ತದೆ, ನೋಟಿಸ್ ಬೋರ್ಡ್ ಇರುತ್ತದೆ, ಕೆಲವೆಡೆ ಯೂನಿಯನ್ ಕೂಡ ಇರುತ್ತದೆ. ಐದಾರು ಜನ ಇರುವ ಅಂಗಡಿಯಲ್ಲಿ ಇವು ಯಾವುದೂ ಇರುವುದಿಲ್ಲ. ಶಿಫ್ಟ್ ಪಟ್ಟಿ ಇರುವುದು ಧಣಿಗಳ ಬಾಯಲ್ಲಿ. ರಾತ್ರಿ ಒಂಬತ್ತೂವರೆಗೆ ಫೋನ್ ಬರುತ್ತದೆ: ‘ನಾಳೆ ನೀನು ಬೆಳಿಗ್ಗೆಯೇ ಬಾ, ಲೋಡ್ ಉಂಟು’.

ಕಳೆದ ಮಳೆಗಾಲದಲ್ಲಿ ನಾಲ್ಕನೇ ಸೆಮಿಸ್ಟರಿನ ಪರೀಕ್ಷೆ ಮುಗಿದ ಮೇಲೆ ಇಂಥದ್ದೇ ಒಂದು ಅಂಗಡಿಯಲ್ಲಿ ನಾನು ಕೆಲಸಕ್ಕೆ ಸೇರಿದೆ. ದಿನಸಿ, ಪ್ಲಾಸ್ಟಿಕ್ ಸಾಮಾನು, ಮಿಕ್ಸಿ, ಕುಕ್ಕರ್ ಎಲ್ಲ ಸಿಗುವ ಜಾಗ. ರಜೆಯ ದಿನಗಳಲ್ಲಿ ಪೂರ್ತಿ ಹೊತ್ತು, ಕಾಲೇಜು ಶುರುವಾದ ಮೇಲೆ ದೀಪಾವಳಿಯವರೆಗೆ ಭಾನುವಾರ ಮಾತ್ರ. ಅಂಗಡಿಯ ಹೆಸರು ಬೇಡ. ಅದೇನು ಕೆಟ್ಟ ಜಾಗವೂ ಅಲ್ಲ. ಸಂಬಳ ತಿಂಗಳ ಮೊದಲ ವಾರದಲ್ಲಿ ತಪ್ಪದೆ ಸಿಗುತ್ತಿತ್ತು, ಮಧ್ಯಾಹ್ನ ಚಾ ಬರುತ್ತಿತ್ತು, ಬೈಗುಳ ಇರಲಿಲ್ಲ. ಕೆಲಸದ ಹಂಚಿಕೆ ಮಾತ್ರ ಸರಿ ಇರಲಿಲ್ಲ. ಇಂಥ ಸಮಸ್ಯೆ ಹೆಚ್ಚಾಗಿ ಕಾಣುವುದು ಇಂಥ ‘ಪರವಾಗಿಲ್ಲ’ ಎನ್ನುವ ಜಾಗಗಳಲ್ಲೇ. ಕೆಟ್ಟ ಜಾಗವನ್ನು ಜನ ಬಿಟ್ಟು ಹೋಗುತ್ತಾರೆ. ಪರವಾಗಿಲ್ಲ ಎನಿಸುವ ಜಾಗದಲ್ಲಿ ಸಹಿಸಿಕೊಂಡು ಇರುತ್ತಾರೆ.

ಯಾರಿಗೆ ಎಷ್ಟು ಕ್ಲೋಸಿಂಗ್?

ನಾವು ಆರು ಜನ. ಕ್ಯಾಶಿನಲ್ಲಿ ಧಣಿಗಳ ಸಂಬಂಧಿ. ಗೋಡೌನಿನಲ್ಲಿ ಹದಿನೈದು ವರ್ಷದಿಂದ ಇರುವ ಹಿರಿಯರು. ಡೆಲಿವರಿಗೆ ಹೋಗುವ ಬೈಕಿನ ಹುಡುಗ. ಕೌಂಟರಿನಲ್ಲಿ ಕಡಬ ಕಡೆಯಿಂದ ಬರುವ ಒಬ್ಬರು ಅಕ್ಕ, ಸುಳ್ಯ ಕಡೆಯಿಂದ ಬರುವ ಇನ್ನೊಬ್ಬರು, ಮತ್ತು ನಾನು. ಅಂಗಡಿ ವಾರದ ಏಳೂ ದಿನ ತೆರೆದಿರುತ್ತದೆ. ಮೊದಲ ಶಿಫ್ಟ್ ಬೆಳಿಗ್ಗೆ 8.30ರಿಂದ ಸಂಜೆ 5.30. ಎರಡನೆಯದು 11.30ರಿಂದ ರಾತ್ರಿ 8.30. ಶಟರ್ ಎಳೆಯುವುದು ಎಂಟಕ್ಕೆ. ಆಮೇಲೆ ಲೆಕ್ಕ ತಾಳೆ ನೋಡುವುದು, ಗುಡಿಸುವುದು, ಹೊರಗಿಟ್ಟ ಸಾಮಾನು ಒಳಗೆ ತರುವುದು ಸೇರಿ ಅರ್ಧ ಗಂಟೆ. ಇದಕ್ಕೆ ದಿನಕ್ಕೆ ಇಬ್ಬರು ಬೇಕು. ಇದೇ ಕ್ಲೋಸಿಂಗ್.

ಕಡಬದ ಅಕ್ಕನ ಬಸ್ಸು ಹೊರಡುವುದು ಶಟರ್ ಎಳೆದ ಹತ್ತು ನಿಮಿಷಕ್ಕೆ. ಗುಡಿಸುವುದನ್ನು ಬೇರೆಯವರು ವಹಿಸಿಕೊಂಡರೆ ಓಡಿಹೋಗಿ ಹಿಡಿಯಬಹುದು, ಇಲ್ಲದಿದ್ದರೆ ಇಲ್ಲ. ತಪ್ಪಿದ ದಿನ ಆಟೋಗೆ ಕೊಟ್ಟದ್ದು ಆ ದಿನದ ಸಂಬಳದ ದೊಡ್ಡ ಪಾಲನ್ನೇ ತಿನ್ನುತ್ತಿತ್ತು. ಮಗ ಎಸ್ಸೆಸ್ಸೆಲ್ಸಿ. ಸಂಜೆ ಅವನ ಪುಸ್ತಕದ ಎದುರು ಕೂರಬೇಕು ಎಂಬುದು ಅವರ ಆಸೆ. ಅವರು ಮನೆ ತಲುಪುವ ಹೊತ್ತಿಗೆ ಅವನು ಊಟ ಮಾಡಿ ಮಲಗಿರುತ್ತಿದ್ದ.

‘ಧಣಿಗಳ ಹತ್ತಿರ ಹೇಳಬಹುದಲ್ಲ?’ ಎಂದು ಒಮ್ಮೆ ಕೇಳಿದೆ. ‘ಆಟಿಯಲ್ಲಿ ವ್ಯಾಪಾರ ಇಲ್ಲ. ಜನ ಕಡಿಮೆ ಮಾಡುವುದಿದ್ದರೆ ಮೊದಲು ತೆಗೆಯುವುದು ದೂರು ಹೇಳಿದವರನ್ನೇ’ ಎಂದರು. ಅವರ ಲೆಕ್ಕ ತಪ್ಪಲ್ಲ. ಸಣ್ಣ ಅಂಗಡಿಯಲ್ಲಿ ಸುಮ್ಮನಿರುವವರಿಗೇ ಕಷ್ಟದ ಶಿಫ್ಟ್ ಹೋಗಿ ಸೇರುತ್ತದೆ. ಅದರಲ್ಲಿ ದ್ವೇಷ ಇರಬೇಕೆಂದಿಲ್ಲ. ಧಣಿಗಳು ಪ್ರತಿದಿನ ‘ಇವತ್ತು ಯಾರು?’ ಎಂದು ತಲೆ ಎತ್ತುತ್ತಾರೆ. ಒಬ್ಬನಿಗೆ ವಾಲಿಬಾಲ್ ಮ್ಯಾಚ್, ಇನ್ನೊಬ್ಬರಿಗೆ ಮನೆಯಲ್ಲಿ ನೆಂಟರು. ಯಾರು ಏನೂ ಹೇಳುವುದಿಲ್ಲವೋ ಅವರ ಹೆಸರು ಬೀಳುತ್ತದೆ. ಆ ದಿನದ ಮಟ್ಟಿಗೆ ಅದು ಸುಲಭದ ದಾರಿ. ತಿಂಗಳ ಕೊನೆಗೆ ನೋಡಿದರೆ ಅದು ಅನ್ಯಾಯವಾಗಿ ನಿಂತಿರುತ್ತದೆ.

ನಾನು ನಾಲ್ಕು ವಾರ ಹಳೆಯ ಲ್ಯಾಬ್ ರೆಕಾರ್ಡಿನ ಹಿಂಬದಿಯಲ್ಲಿ ಗೀಟು ಹಾಕುತ್ತ ಹೋದೆ. 28 ದಿನ, ದಿನಕ್ಕೆ ಇಬ್ಬರು, ಒಟ್ಟು 56 ಕ್ಲೋಸಿಂಗ್. ಕಡಬದ ಅಕ್ಕನಿಗೆ 18, ನನಗೆ 16, ಸುಳ್ಯದವರಿಗೆ 11, ಬೈಕಿನ ಹುಡುಗನಿಗೆ 6, ಗೋಡೌನಿನ ಹಿರಿಯರಿಗೆ 5. ಕ್ಯಾಶಿನವರಿಗೆ ಸೊನ್ನೆ. ನಾಲ್ಕು ಭಾನುವಾರದ ರಜೆಯೂ ಕ್ಯಾಶಿನವರಿಗೇ. ಬಸ್ಸಿಲ್ಲದೆ ಮನೆಗೆ ಹೋಗಲಾಗದ ಇಬ್ಬರು ಸೇರಿ ಅರ್ಧಕ್ಕಿಂತ ಹೆಚ್ಚು ಕ್ಲೋಸಿಂಗ್ ಮಾಡಿದ್ದರು. ಪೇಟೆಯಲ್ಲೇ ಮನೆ ಇರುವವರು, ಬೈಕ್ ಇರುವವರು ಸಂಜೆಯೇ ಮನೆ ಸೇರುತ್ತಿದ್ದರು. ಬರೆದು ನೋಡುವ ಮೊದಲು ಇದು ನಮ್ಮಲ್ಲಿ ಯಾರಿಗೂ ಇಷ್ಟು ಸ್ಪಷ್ಟವಾಗಿ ಗೊತ್ತಿರಲಿಲ್ಲ. ಧಣಿಗಳಿಗೂ ಗೊತ್ತಿರಲಿಲ್ಲ ಎಂಬುದು ಆಮೇಲೆ ತಿಳಿಯಿತು.

ಕಂಪ್ಯೂಟರಿಗೂ ಇದೇ ಸಮಸ್ಯೆ

ಕಂಪ್ಯೂಟರ್ ಸೈನ್ಸ್ ಓದುವವರಿಗೆ ಈ ಲೆಕ್ಕ ನೋಡಿದ ಕೂಡಲೇ ಆಪರೇಟಿಂಗ್ ಸಿಸ್ಟಮ್ ಪಾಠ ನೆನಪಾಗದೆ ಇರದು. ಒಂದೇ ಪ್ರೊಸೆಸರ್, ಕಾಯುತ್ತಿರುವ ಕೆಲಸಗಳು ಹಲವು. ಯಾವುದನ್ನು ಮೊದಲು ಮಾಡಬೇಕು? ಆದ್ಯತೆಯ ಪ್ರಕಾರ ಮಾಡಿದರೆ ಒಂದು ತೊಂದರೆ ಇದೆ. ಮೇಲಿನ ಆದ್ಯತೆಯ ಕೆಲಸಗಳು ಬರುತ್ತಲೇ ಇದ್ದರೆ ಕೆಳಗಿನದಕ್ಕೆ ಸರದಿಯೇ ಬರುವುದಿಲ್ಲ. ಇದಕ್ಕೆ ನಮ್ಮ ಪಠ್ಯದಲ್ಲಿ ‘ಸ್ಟಾರ್ವೇಷನ್’ ಎಂದು ಹೆಸರು, ಅಂದರೆ ಹಸಿವಿನಿಂದ ಸಾಯುವುದು. ಅಮೆರಿಕದ ಎಂಐಟಿಯಲ್ಲಿ 1973ರಲ್ಲಿ ಐಬಿಎಂ 7094 ಯಂತ್ರವನ್ನು ಮುಚ್ಚುವಾಗ, 1967ರಲ್ಲಿ ಕೊಟ್ಟ ಒಂದು ಕೆಲಸ ಇನ್ನೂ ಕಾಯುತ್ತಿತ್ತು ಎಂಬ ವದಂತಿಯನ್ನು ಸಿಲ್ಬರ್‌ಶಾಟ್ಸ್ ಪುಸ್ತಕದಲ್ಲಿ ಓದಿ ನಾವೆಲ್ಲ ಕ್ಲಾಸಿನಲ್ಲಿ ನಕ್ಕದ್ದುಂಟು.

ಇದಕ್ಕೆ ಪರಿಹಾರವೂ ಅದೇ ಪುಟದಲ್ಲಿದೆ. ಅದರ ಹೆಸರು ‘ಏಜಿಂಗ್’. ಕೆಲಸವೊಂದು ಹೆಚ್ಚು ಹೊತ್ತು ಕಾದಷ್ಟೂ ಅದರ ಆದ್ಯತೆಯನ್ನು ಸ್ವಲ್ಪ ಸ್ವಲ್ಪ ಏರಿಸುತ್ತ ಹೋಗುವುದು. ಒಂದು ದಿನ ಅದು ಸಾಲಿನ ಮುಂದೆ ಬಂದೇ ಬರುತ್ತದೆ. ಹೀಗೆ ಮಾಡಲು ಯಂತ್ರಕ್ಕೆ ಒಂದೇ ಒಂದು ಸಂಗತಿ ಬೇಕು: ಯಾರು ಎಷ್ಟು ಕಾದಿದ್ದಾರೆ ಎಂಬ ದಾಖಲೆ. ಆ ದಾಖಲೆ ಇಲ್ಲದಿದ್ದರೆ ಎಷ್ಟು ಒಳ್ಳೆಯ ಯಂತ್ರವೂ ನ್ಯಾಯ ಮಾಡಲಾರದು. ಮನುಷ್ಯರೂ ಅಷ್ಟೆ. ‘ಎಲ್ಲರಿಗೂ ಸಮನಾಗಿಯೇ ಕೊಡುತ್ತಿದ್ದೇನಲ್ಲ’ ಎನ್ನುವ ಧಣಿ ಸುಳ್ಳು ಹೇಳುತ್ತಿರಬೇಕೆಂದಿಲ್ಲ. ಅವರ ತಲೆಯಲ್ಲಿ ಇರುವುದು ನಿನ್ನೆ ಮೊನ್ನೆಯ ನೆನಪು ಮಾತ್ರ.

ಇನ್ನೊಂದು ವಿಷಯ ಇದೆ. 56ನ್ನು ಆರರಿಂದ ಭಾಗಿಸಿ ತಲೆಗೆ ಒಂಬತ್ತು ಚಿಲ್ಲರೆ ಎಂದು ಹಂಚಿದರೆ ಪೇಪರಿನಲ್ಲಿ ಸಮಾನತೆ ಬರುತ್ತದೆ. ಆದರೆ ಕಡಬದ ಅಕ್ಕ ಆಗಲೂ ತಿಂಗಳಿಗೆ ಒಂಬತ್ತು ದಿನ ಬಸ್ಸಿನ ಹಿಂದೆ ಓಡಬೇಕು. ಪೇಟೆಯಲ್ಲಿ ಮನೆ ಇರುವವರಿಗೆ ಒಂದು ಕ್ಲೋಸಿಂಗ್ ಎಂದರೆ ಅರ್ಧ ಗಂಟೆ ತಡ. ಅವರಿಗೆ ಅದೇ ಒಂದು ಕ್ಲೋಸಿಂಗ್ ಎಂದರೆ ಒಂದು ಸಂಜೆ, ಜೊತೆಗೆ ಆಟೋ ಬಾಡಿಗೆ. ಒಂದೇ ಕೆಲಸದ ತೂಕ ಒಬ್ಬೊಬ್ಬರಿಗೆ ಒಂದೊಂದು. ಆದ್ದರಿಂದ ಎಲ್ಲರಿಗೂ ಎಲ್ಲವನ್ನೂ ಸಮ ಪಾಲು ಮಾಡುವುದಕ್ಕಿಂತ, ಯಾರಿಗೆ ಯಾವ ಕಷ್ಟ ಹೊರಲು ಸಾಧ್ಯವೋ ಆ ಕಷ್ಟ ಕೊಟ್ಟು ಒಟ್ಟು ತೂಕವನ್ನು ಸಮ ಮಾಡುವುದು ಹೆಚ್ಚು ನ್ಯಾಯ.

ಕಾನೂನಿನಲ್ಲಿ ಏನಿದೆ?

ಅಂಗಡಿ ಕೆಲಸಕ್ಕೆ ಕಾನೂನೇ ಇಲ್ಲ ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರಿಂದಲೇ ಇದೆ. ಅದರ ಪ್ರಕಾರ ನೌಕರರ ಕೆಲಸ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದು. ಹೆಚ್ಚುವರಿ ಕೆಲಸವೂ ಸೇರಿ ಸಾಮಾನ್ಯ ದಿನಗಳಲ್ಲಿ 10 ಗಂಟೆ ದಾಟುವಂತಿಲ್ಲ. ಮೂರು ತಿಂಗಳಿಗೆ ಒಟ್ಟು ಓವರ್‌ಟೈಮ್ 50 ಗಂಟೆ. ಅದಕ್ಕೆ ಎರಡು ಪಟ್ಟು ದರದಲ್ಲಿ ಸಂಬಳ ಕೊಡಬೇಕು. ಸತತ 5 ಗಂಟೆ ದುಡಿಸಿದ ಮೇಲೆ ಕನಿಷ್ಠ ಒಂದು ಗಂಟೆ ವಿಶ್ರಾಂತಿ ಕೊಡಬೇಕು. ವಾರಕ್ಕೆ ಒಂದು ಪೂರ್ತಿ ದಿನ ರಜೆ ಇರಬೇಕು. ಕೆಲಸಕ್ಕೆ ಸೇರಿಸಿಕೊಂಡವರಿಗೆ ಲಿಖಿತ ನೇಮಕಾತಿ ಆದೇಶ ಕೊಡಬೇಕು.

ಇದರಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲದ ಒಂದು ನಿಯಮ ಇದೆ. ಕೆಲಸ ಮತ್ತು ಬಿಡುವು ಎರಡೂ ಸೇರಿ, ಬೆಳಿಗ್ಗೆ ಬಂದಲ್ಲಿಂದ ರಾತ್ರಿ ಹೋಗುವವರೆಗಿನ ಅವಧಿ 12 ಗಂಟೆಗಿಂತ ಹೆಚ್ಚಾಗಬಾರದು. ‘ಮಧ್ಯಾಹ್ನ ಮೂರು ಗಂಟೆ ಮನೆಗೆ ಹೋಗಿ ಬಾ, ಆಮೇಲೆ ರಾತ್ರಿಯವರೆಗೆ ನಿಲ್ಲು’ ಎಂಬ ಏರ್ಪಾಡಿಗೂ ಇದು ಮಿತಿ ಹಾಕುತ್ತದೆ. ದೂರದಿಂದ ಬರುವವರಿಗೆ ಮಧ್ಯಾಹ್ನ ಮೂರು ಗಂಟೆ ಬಿಡುವು ಎಂದರೆ ಮನೆಗೆ ಹೋಗಲೂ ಆಗದ, ಅಂಗಡಿಯಲ್ಲಿ ಕೂರಲೂ ಆಗದ ಹೊತ್ತು. ನಮ್ಮ ಅಂಗಡಿಯಲ್ಲಿ ಲೋಡ್ ಬಂದ ದಿನ ಕ್ಲೋಸಿಂಗಿನವರನ್ನೇ ಬೆಳಿಗ್ಗೆ 8.30ಕ್ಕೂ ಕರೆಯುತ್ತಿದ್ದರು. ಬೆಳಿಗ್ಗೆಯಿಂದ ರಾತ್ರಿಯವರೆಗೆ ಸರಿಯಾಗಿ 12 ಗಂಟೆ. ಊಟದ ಹೊತ್ತು ಕಳೆದರೂ ಕೆಲಸ 11 ಗಂಟೆ. ಓವರ್‌ಟೈಮ್ ಎಂಬ ಪದ ಅಲ್ಲಿ ಯಾರೂ ಕೇಳಿರಲಿಲ್ಲ.

2021ರ ಜನವರಿಯಲ್ಲಿ ಸರ್ಕಾರ ಹತ್ತು ಅಥವಾ ಹೆಚ್ಚು ನೌಕರರಿರುವ ಅಂಗಡಿಗಳು ದಿನದ 24 ಗಂಟೆಯೂ ತೆರೆದಿರಬಹುದು ಎಂದು ಅನುಮತಿ ಕೊಟ್ಟಾಗ ಕೆಲವು ಷರತ್ತು ಹಾಕಿತ್ತು. ರಾತ್ರಿ ಎಂಟರ ನಂತರ ಮಹಿಳೆಯರಿಂದ ಕೆಲಸ ಮಾಡಿಸಬೇಕಾದರೆ ಅವರ ಲಿಖಿತ ಒಪ್ಪಿಗೆ ಬೇಕು, ರಕ್ಷಣೆ ಮತ್ತು ವಾಹನದ ವ್ಯವಸ್ಥೆ ಇರಬೇಕು. ಯಾರು ರಜೆಯಲ್ಲಿದ್ದಾರೆ ಎಂಬುದನ್ನು ಪ್ರತಿದಿನ ಎದ್ದು ಕಾಣುವ ಜಾಗದಲ್ಲಿ ಹಾಕಬೇಕು. ಆರು ಜನರ ಅಂಗಡಿಗೆ ಈ ಆದೇಶ ಅನ್ವಯಿಸುವುದಿಲ್ಲ ನಿಜ. ಆದರೆ ಪಟ್ಟಿ ಬಾಯಲ್ಲಿರಬಾರದು, ಗೋಡೆಯಲ್ಲಿರಬೇಕು ಎಂಬ ಯೋಚನೆ ಸರ್ಕಾರದ ಕಾಗದದಲ್ಲೇ ಇದೆ ಎಂಬುದು ನಮಗೆ ಧೈರ್ಯ ಕೊಟ್ಟಿತು.

ಈ ಗಂಟೆಗಳ ಲೆಕ್ಕ ಸುಮ್ಮನೆ ಬಂದದ್ದಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮೊಟ್ಟಮೊದಲ ಒಡಂಬಡಿಕೆಯೇ, 1919ರದ್ದು, ಕೈಗಾರಿಕೆಗಳಲ್ಲಿ ದಿನಕ್ಕೆ 8, ವಾರಕ್ಕೆ 48 ಗಂಟೆ ಎಂದಿತು. ಅಂಗಡಿ ಮತ್ತು ಕಚೇರಿಗಳಿಗೆ ಅದೇ ಮಾತು ಬರಲು 1930 ಆಯಿತು. ನಮ್ಮಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ವೈಸ್‌ರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದಾಗ, 1946ರಲ್ಲಿ, ಕಾರ್ಖಾನೆಗಳ ವಾರದ ದುಡಿಮೆಯನ್ನು 54 ಗಂಟೆಯಿಂದ 48ಕ್ಕೆ ಇಳಿಸಲಾಯಿತು. ಈಗ ಗಾಳಿ ಇನ್ನೊಂದು ದಿಕ್ಕಿಗೆ ಬೀಸುತ್ತಿದೆ. 2025ರ ಜೂನ್‌ನಲ್ಲಿ ನಮ್ಮ ರಾಜ್ಯದ ಅಂಗಡಿ ಕಾಯ್ದೆಯ ದಿನದ ಮಿತಿಯನ್ನು 9ರಿಂದ 10 ಗಂಟೆಗೆ, ಮೂರು ತಿಂಗಳ ಓವರ್‌ಟೈಮ್ ಮಿತಿಯನ್ನು 50ರಿಂದ 144 ಗಂಟೆಗೆ ಏರಿಸುವ ಪ್ರಸ್ತಾವ ಬಂದಾಗ ಕಾರ್ಮಿಕ ಸಂಘಟನೆಗಳು ವಿರೋಧಿಸಿದವು. ನಮ್ಮಂಥ ಊರುಗಳಲ್ಲಿ ಆ ಒಂದು ಗಂಟೆ ಎಂದರೆ ಒಂದು ಬಸ್ಸು.

ಕೇಳಿದ್ದು ಹೇಗೆ?

ದೂರು ಕೊಡುವುದು ನಮ್ಮ ಮೊದಲ ಯೋಚನೆ ಆಗಿರಲಿಲ್ಲ. ಸಣ್ಣ ಪೇಟೆಯಲ್ಲಿ ಧಣಿ, ನೌಕರ, ಇಲಾಖೆಯವರು, ಗಿರಾಕಿ ಎಲ್ಲರೂ ಒಂದೇ ಜಾತ್ರೆಗೆ ಹೋಗುವವರು. ಒಮ್ಮೆ ಮುಖ ಕೆಟ್ಟರೆ ವರ್ಷಗಟ್ಟಲೆ ಅದನ್ನು ನೋಡುತ್ತ ಇರಬೇಕು. ನಾನು ರಜೆ ಮುಗಿಸಿ ಹೋಗುವವನು, ಅಲ್ಲೇ ಉಳಿಯುವವರು ಅವರು. ಹಾಗಾಗಿ ಹೇಗೆ ಕೇಳಬೇಕೆಂದು ತೀರ್ಮಾನಿಸಬೇಕಾದವರು ಅವರೇ.

ಗೋಡೌನಿನ ಹಿರಿಯರು ಮೂರು ಮಾತು ಹೇಳಿದರು. ಒಬ್ಬರೇ ಹೋಗಬಾರದು. ಸಂತೆಯ ಸೋಮವಾರ ಕೇಳಬಾರದು. ‘ನನಗೆ ಆಗುವುದಿಲ್ಲ’ ಎಂದು ಶುರು ಮಾಡಬಾರದು. ಇವು ಯಾವ ಮ್ಯಾನೇಜ್‌ಮೆಂಟ್ ಪುಸ್ತಕಕ್ಕೂ ಕಡಿಮೆ ಇಲ್ಲ. ವ್ಯಾಪಾರ ಇಲ್ಲದ ಒಂದು ಮಂಗಳವಾರ ಮಧ್ಯಾಹ್ನ ಚಾ ಹೊತ್ತಿಗೆ ಅವರೇ ಮಾತು ತೆಗೆದರು. ನಾವು ಐದು ಜನ ಅಲ್ಲೇ ಇದ್ದೆವು. ಹಿಂದಿನ ನಾಲ್ಕು ವಾರದ ಲೆಕ್ಕದ ಜೊತೆಗೆ ಮುಂದಿನ ನಾಲ್ಕು ವಾರದ ಪಟ್ಟಿಯನ್ನೂ ಬರೆದು ಇಟ್ಟುಕೊಂಡಿದ್ದೆವು.

ಪಟ್ಟಿಯ ತತ್ವ ಸರಳ. ಬಸ್ಸಿನ ಇಬ್ಬರು ಮೊದಲ ಶಿಫ್ಟಿನಲ್ಲೇ ಇರಲಿ. ಅದಕ್ಕೆ ಬದಲಾಗಿ ಬೆಳಿಗ್ಗೆ ಅಂಗಡಿ ತೆರೆಯುವುದು, ಗುಡಿಸುವುದು, ಸೋಮವಾರ ಬೆಳಿಗ್ಗೆಯ ಲೋಡ್ ಎಣಿಸಿ ಜೋಡಿಸುವುದು ಅವರ ಪಾಲು. ವಾರದ 14 ಕ್ಲೋಸಿಂಗಿನಲ್ಲಿ ನಾನು, ಬೈಕಿನ ಹುಡುಗ, ಗೋಡೌನಿನ ಹಿರಿಯರು ತಲಾ ನಾಲ್ಕು. ಕ್ಯಾಶಿನವರು ಎರಡು. ರಾತ್ರಿ ಕ್ಲೋಸಿಂಗ್ ಮಾಡಿದವರಿಗೆ ಮರುದಿನ ಬೆಳಿಗ್ಗೆ ಓಪನಿಂಗ್ ಇಲ್ಲ. ಬದಲಾವಣೆ ಇದ್ದರೆ ಎರಡು ದಿನ ಮೊದಲು ಹೇಳುವುದು. ಹಬ್ಬದ ವಾರದಲ್ಲಿ ಬಸ್ಸಿನವರು ನಿಲ್ಲಬೇಕಾದರೆ ಆಟೋ ಬಾಡಿಗೆ ಅಂಗಡಿಯದ್ದು. ಭಾನುವಾರದ ರಜೆ ಆರು ಜನಕ್ಕೂ ಸರದಿಯಲ್ಲಿ.

ಧಣಿಗಳಿಗೆ ಮೊದಲಿಗೆ ಇಷ್ಟವಾಗಲಿಲ್ಲ. ‘ಇವತ್ತು ಪಟ್ಟಿ, ನಾಳೆ ಯೂನಿಯನ್ನಾ?’ ಎಂದರು. ಅವರ ಕಡೆಯಿಂದ ನೋಡಿದರೆ ಅದಕ್ಕೂ ಕಾರಣ ಇದೆ. ಬೆಳಿಗ್ಗೆ ಎಂಟಕ್ಕೆ ಬಂದು ಎಲ್ಲರೂ ಹೋದ ಮೇಲೆ ಬೀಗ ಹಾಕುವವರು ಅವರೇ. ಅವರಿಗೆ ವಾರದ ರಜೆ ಎಂಬುದೇ ಇಲ್ಲ. ಗಿರಾಕಿಗಳು ಅಂಗಡಿಯಲ್ಲಿ ಕುಕ್ಕರ್ ನೋಡಿ ಹೋಗಿ ಆನ್‌ಲೈನಿನಲ್ಲಿ ತರಿಸುವ ಕಾಲ ಇದು. ಒಬ್ಬರು ಹೇಳದೆ ರಜೆ ಹಾಕಿದರೆ ಆ ದಿನದ ಗತಿ ಏನು ಎಂಬ ಭಯ ಅವರಿಗೂ ಇದೆ. ಆದರೆ ಆ ಭಯಕ್ಕೂ ಪಟ್ಟಿಯೇ ಮದ್ದು. ಮುಂದಿನ ವಾರ ಯಾವ ಹೊತ್ತಿಗೆ ಯಾರಿದ್ದಾರೆ ಎಂದು ಮೊದಲೇ ಗೊತ್ತಿದ್ದರೆ ಕೊನೆಯ ಗಳಿಗೆಯ ಫೋನುಗಳೇ ಕಡಿಮೆಯಾಗುತ್ತವೆ. ಗೀಟು ಹಾಕಿದ ಹಾಳೆಯನ್ನು ಅವರು ಎರಡು ಸಲ ಓದಿದರು. ‘ಹದಿನೆಂಟಾ?’ ಎಂದು ಒಮ್ಮೆ ಕೇಳಿದರು. ಒಂದು ತಿಂಗಳು ನೋಡುವ ಎಂದರು.

ಎಲ್ಲವೂ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಭಾನುವಾರದ ರಜೆ ಬದಲಾಗಲಿಲ್ಲ. ಅದು ಸಂಬಂಧದ ವಿಷಯ, ನಾವು ಮುಟ್ಟಲಾಗಲಿಲ್ಲ. ಓವರ್‌ಟೈಮ್ ಹಣದ ಮಾತಿಗೆ ಉತ್ತರವೇ ಬರಲಿಲ್ಲ. ಬದಲಿಗೆ ಲೋಡಿನ ದಿನ ಬೇಗ ಬಂದವರನ್ನು ಬೇಗ ಬಿಡಲು ಶುರು ಮಾಡಿದರು. ಬೈಕಿನ ಹುಡುಗ ಒಂದು ವಾರ ನಮ್ಮೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಅವನ ಕ್ಲೋಸಿಂಗ್ ವಾರಕ್ಕೆ ಒಂದೂವರೆಯಿಂದ ನಾಲ್ಕಕ್ಕೆ ಏರಿತ್ತು. ಶನಿವಾರ ಸಂಜೆ ಅವನಿಗೆ ಯಾವತ್ತೂ ಕ್ಲೋಸಿಂಗ್ ಇಲ್ಲ, ವಾಲಿಬಾಲ್ ಟೂರ್ನಿಗೆ ಮೊದಲೇ ಹೆಸರು ಕೊಡಬಹುದು ಎಂದು ಪಟ್ಟಿಯಲ್ಲಿ ನೋಡಿದ ಮೇಲೆ ತಣ್ಣಗಾದ. ನನ್ನ ಪಾಲು ಮೊದಲೂ ವಾರಕ್ಕೆ ನಾಲ್ಕು, ಆಮೇಲೂ ನಾಲ್ಕು. ಆದರೆ ಯಾವ ನಾಲ್ಕು ಎಂದು ಮೊದಲೇ ಗೊತ್ತಿತ್ತು. ಅಷ್ಟಕ್ಕೇ ಎಷ್ಟು ಹಗುರ ಅನಿಸುತ್ತದೆ ಎಂಬುದು ಅನುಭವಿಸಿದವರಿಗೆ ಗೊತ್ತು. ದೀಪಾವಳಿಯ ವಾರ ಪಟ್ಟಿ ಪೂರ್ತಿ ಮೂಲೆಗೆ ಹೋಯಿತು. ಹಬ್ಬ ಮುಗಿದ ಮೇಲೆ ಹೊಸ ಹಾಳೆಯಲ್ಲಿ ಪಟ್ಟಿ ಬರೆದು ಅಂಟಿಸಿದವರು ನಾನಲ್ಲ, ಕಡಬದ ಅಕ್ಕ.

ಗಡಿಯ ಆಚೆಗೆ

ಸಣ್ಣ ಅಂಗಡಿಯವರು ಏನೂ ಬದಲಾಯಿಸಲಾರರು ಎನ್ನುವವರು ಪಕ್ಕದ ಕೇರಳವನ್ನು ನೋಡಬಹುದು. ಕೋಝಿಕ್ಕೋಡಿನ ಮಿಠಾಯಿ ಬೀದಿಯ ಅಂಗಡಿಗಳಲ್ಲಿ ದುಡಿಯುವ ಹೆಂಗಸರಿಗೆ ಶೌಚಾಲಯ ಇರಲಿಲ್ಲ, ದಿನವಿಡೀ ನಿಂತೇ ಇರಬೇಕಿತ್ತು. ಟೈಲರ್ ಆಗಿದ್ದ ಪಿ. ವಿಜಿ ಅವರು ‘ಪೆಣ್‌ಕೂಟ್ಟ್’ ಎಂಬ ಸಂಘಟನೆ ಕಟ್ಟಿ ಅವರನ್ನು ಸೇರಿಸಿದರು. ದೊಡ್ಡ ಯೂನಿಯನ್‌ಗಳು ಗಮನಿಸದಿದ್ದ ಜನ ಅವರು. ವರ್ಷಗಳ ಹೋರಾಟದ ನಂತರ 2018ರಲ್ಲಿ ಕೇರಳ ತನ್ನ ಅಂಗಡಿ ಕಾಯ್ದೆಗೆ ತಿದ್ದುಪಡಿ ತಂದು ನೌಕರರಿಗೆ ಕೂರಲು ಆಸನ ಕೊಡುವುದನ್ನು ಕಡ್ಡಾಯ ಮಾಡಿತು. ಅದೇ ವರ್ಷ ಬಿಬಿಸಿಯ ನೂರು ಮಹಿಳೆಯರ ಪಟ್ಟಿಯಲ್ಲಿ ವಿಜಿ ಅವರ ಹೆಸರು ಬಂತು. 2021ರಲ್ಲಿ ತಮಿಳುನಾಡು ಕೂಡ ಇಂಥದ್ದೇ ತಿದ್ದುಪಡಿ ಮಾಡಿತು. ಕೇಳಿದ್ದು ಬರೀ ಒಂದು ಸ್ಟೂಲ್. ಅದಕ್ಕಾಗಿ ಕಾನೂನೇ ಬದಲಾಗಬೇಕಾಯಿತು.

ಅಮೆರಿಕದಲ್ಲಿ ರಾತ್ರಿ ಮುಚ್ಚಿದವರೇ ಬೆಳಿಗ್ಗೆ ಬಂದು ತೆರೆಯುವ ಶಿಫ್ಟಿಗೆ ‘ಕ್ಲೋಪನಿಂಗ್’ ಎಂದೇ ಹೆಸರು. 2014ರಲ್ಲಿ ಸ್ಟಾರ್‌ಬಕ್ಸ್ ಕಾಫಿ ಅಂಗಡಿಗಳ ಇಂಥ ಶಿಫ್ಟುಗಳ ಬಗ್ಗೆ ಪತ್ರಿಕಾ ವರದಿ ಬಂದ ಕೂಡಲೇ ಕಂಪನಿ ಅದನ್ನು ನಿಲ್ಲಿಸುವುದಾಗಿ ಹೇಳಿತು. ಆರೆಗಾನ್ ರಾಜ್ಯ 2017ರಲ್ಲಿ, ದೊಡ್ಡ ಅಂಗಡಿ ಮತ್ತು ಹೋಟೆಲ್ ಕಂಪನಿಗಳು ಶಿಫ್ಟ್ ಪಟ್ಟಿಯನ್ನು ಮೊದಲೇ ಲಿಖಿತವಾಗಿ ಕೊಡಬೇಕೆಂದು ಕಾನೂನು ಮಾಡಿತು. ಈಗ ಅಲ್ಲಿ ಎರಡು ವಾರ ಮೊದಲೇ ಕೊಡಬೇಕು. ನಾವು ಕೇಳಿದ್ದು ಎರಡು ದಿನ.

ನಿಮಗೂ ಹೀಗಾಗುತ್ತಿದ್ದರೆ

ನೀವು ರಜೆಯಲ್ಲಿ ಅಥವಾ ಓದು ಮುಗಿಸಿ ಇಂಥ ಕಡೆ ಕೆಲಸ ಮಾಡುತ್ತಿದ್ದರೆ ಮೊದಲು ಒಂದು ಪುಟ್ಟ ಪುಸ್ತಕ ಇಟ್ಟುಕೊಳ್ಳಿ. ಬಂದ ಹೊತ್ತು, ಹೋದ ಹೊತ್ತು, ರಜೆಯ ದಿನ ಇಷ್ಟೇ ಸಾಕು. ಮೊಬೈಲಿನಲ್ಲಿ ಬರೆದರೂ ಆದೀತು. ‘ಯಾವಾಗಲೂ ನನಗೇ’ ಎಂಬ ಮಾತಿಗೆ ಜಗಳ ಹುಟ್ಟುತ್ತದೆ. ‘28 ದಿನದಲ್ಲಿ 18’ ಎಂಬ ಮಾತಿಗೆ ಉತ್ತರ ಕೊಡಬೇಕಾಗುತ್ತದೆ.

ನಿಮ್ಮ ಕಷ್ಟ ಮಾತ್ರ ಹೇಳಬೇಡಿ, ಬದಲಿಗೆ ಏನು ಮಾಡಬಲ್ಲಿರಿ ಎಂಬುದನ್ನೂ ಹೇಳಿ. ನಿಮ್ಮ ಭಾರ ಇಳಿದರೆ ಅದು ಯಾರ ಹೆಗಲಿಗೆ ಹೋಗುತ್ತದೆ ಎಂದು ಯೋಚಿಸಿ, ಅವರೊಂದಿಗೆ ಮೊದಲೇ ಮಾತಾಡಿ. ಇಲ್ಲದಿದ್ದರೆ ಧಣಿಗಳೊಂದಿಗಿನ ಸಮಸ್ಯೆ ಜೊತೆಗಾರರೊಂದಿಗಿನ ಸಮಸ್ಯೆಯಾಗುತ್ತದೆ. ಫೋನಿನಲ್ಲಿ ಬಂದ ಬದಲಾವಣೆಗೆ ‘ಸರಿ, ನಾಳೆ 8.30ಕ್ಕೆ ಬರುತ್ತೇನೆ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಾಲು ಉತ್ತರ ಹಾಕಿ. ಅದು ಮರ್ಯಾದೆಯೂ ಹೌದು, ದಾಖಲೆಯೂ ಹೌದು.

ಮಾತಿನಲ್ಲಿ ಮುಗಿಯದಿದ್ದರೆ ಕಾರ್ಮಿಕ ಇಲಾಖೆಯ ನಿರೀಕ್ಷಕರಿದ್ದಾರೆ. ನ್ಯಾಯಾಲಯದ ಆವರಣದಲ್ಲಿ ತಾಲೂಕು ಕಾನೂನು ಸೇವಾ ಸಮಿತಿ ಇದೆ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆ. ಅಲ್ಲಿಗೆ ಹೋಗುವುದು ನಾಚಿಕೆಯ ವಿಷಯವಲ್ಲ. ಆದರೆ ಹೋಗುವಾಗಲೂ ಆ ಪುಟ್ಟ ಪುಸ್ತಕ ಜೊತೆಗಿರಲಿ.

ಇನ್ನೊಂದು ಮಾತು ನನ್ನ ಜೊತೆ ಓದುತ್ತಿರುವವರಿಗೆ. ನಮ್ಮಲ್ಲಿ ಹಲವರು ನಾಳೆ ಶಿಫ್ಟ್ ಹಂಚುವ ಸಾಫ್ಟ್‌ವೇರ್ ಬರೆಯುವವರು. ಡೆಲಿವರಿ ಹುಡುಗರಿಗೆ ಆರ್ಡರ್ ಹಂಚುವುದು ಈಗಾಗಲೇ ಆ್ಯಪ್. ಅದು ಹೇಗೆ ತೀರ್ಮಾನಿಸುತ್ತದೆ ಎಂದು ತಿಳಿಯುವ ಹಕ್ಕು ದುಡಿಯುವವರಿಗಿದೆ ಎಂಬುದು ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆಯಲ್ಲೂ ಬಂದಿದೆ. ಧಣಿಗಳ ಬಾಯಲ್ಲಿದ್ದ ಪಟ್ಟಿ ಆ್ಯಪ್ ಒಳಗೆ ಹೋದ ಮಾತ್ರಕ್ಕೆ ನ್ಯಾಯ ಆಗುವುದಿಲ್ಲ. ಧಣಿಗಳನ್ನು ಚಾ ಹೊತ್ತಿಗೆ ಕೂರಿಸಿ ಕೇಳಬಹುದು, ಆ್ಯಪ್‌ನೊಂದಿಗೆ ಅದೂ ಸಾಧ್ಯವಿಲ್ಲ. ಕೋಡ್ ಬರೆಯುವಾಗ ದಕ್ಷತೆಯ ಜೊತೆಗೆ ಒಂದು ಕಾಲಂ ಹೆಚ್ಚಿಗೆ ಇಡೋಣ: ಈ ಕೆಲಸಗಾರರ ಕೊನೆಯ ಬಸ್ಸು ಎಷ್ಟು ಗಂಟೆಗೆ?